ವಿನಯ ಮಾತ್ರ ಸಂಸ್ಕೃತಿಯಾ? ಫಿಲಿಪಿನೋ ಜನರ ಚರಿತ್ರೆ ಓದುತ್ತಾ ಕೆಲವು ಮಾತು



ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡಿಕೊಂಡು ಓದಿ.

2016ರಲ್ಲಿ ನಮ್ಮ ಕೆಜಿಎಫ್‌ನ ಬೆಜವಾಡ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತಲ್ಲ, ಅದನ್ನ ಕೊಡೋದು ಫಿಲಿಪೀನ್ಸ್ ದೇಶದ ಮನಿಲಾದಲ್ಲಿ. ಮಲ ಹೊರುವ ಪದ್ಧತಿ ವಿರುದ್ಧ ಬದುಕು ಸವೆಸಿದ ನಮ್ಮವರೊಬ್ಬರು ಆ ವೇದಿಕೆ ಹತ್ತಿದಾಗಿನಿಂದ, ಆ ದೇಶದ ಚರಿತ್ರೆಯನ್ನ ಕೈಗೆ ಸಿಕ್ಕಷ್ಟು ಓದ್ತಾ ಬಂದಿದ್ದೀನಿ.

ಪ್ರವಾಸಿಗರಿಗೆ ಬರೆದ ಪುಸ್ತಕ ತೆಗೆದರೆ ಎಲ್ಲ ಕಡೆ ಒಂದೇ ಪಟ್ಟಿ. ಫಿಲಿಪಿನೋ ಜನ ಸದಾ ನಗ್ತಾರೆ. ಮುಖಕ್ಕೆ ಹೊಡೆದ ಹಾಗೆ 'ಇಲ್ಲ' ಅನ್ನಲ್ಲ. ಊಟಕ್ಕೆ ಕೂತವರು ಎದುರಿಗೆ ಬಂದವರನ್ನೆಲ್ಲ 'ಬನ್ನಿ, ಉಣ್ಣೋಣ' ಅಂತ ಕರೀತಾರೆ. ಹಿರಿಯರಿಗೆ ತಗ್ಗಿ ಬಗ್ಗಿ ನಡೀತಾರೆ. ಉಪಕಾರ ಮಾಡಿದವರನ್ನ ಸಾಯೋ ತನಕ ಮರೆಯಲ್ಲ. ಇವೆಲ್ಲ ಸುಳ್ಳಲ್ಲ. ಆದರೆ ಇಂಥ ಪಟ್ಟಿ ನೋಡಿದಾಗೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತೆ: ಈ ಪಟ್ಟಿ ಬರೆದವರು ಯಾರು? ಯಾವ ಗುಣ ಸೇರಿಸಿದರು, ಯಾವುದು ಬಿಟ್ಟರು?

ಮೊದಲು ಆ ಪಟ್ಟಿಯ ಅತ್ಯಂತ ಚೆಂದದ ಪದ್ಧತಿಯಿಂದಲೇ ಶುರು ಮಾಡೋಣ. ಅದರ ಹೆಸರು 'ಮಾನೋ ಪೋ'. ಮಾನೋ ಅಂದ್ರೆ ಸ್ಪ್ಯಾನಿಷ್‌ನಲ್ಲಿ ಕೈ. 'ಪೋ' ಅನ್ನೋದು ತಗಾಲೊಗ್ ಭಾಷೆಯ ಗೌರವದ ಮಾತು, ನಮ್ಮ 'ರೀ' ಇದ್ದ ಹಾಗೆ. ಕಿರಿಯರು ಹಿರಿಯರ ಕೈ ಹಿಡಿದು, ಬಾಗಿ, ಆ ಕೈಯನ್ನ ತಮ್ಮ ಹಣೆಗೆ ಒತ್ತಿಕೊಳ್ಳೋದು. ಹಿರಿಯರು ಹರಸೋದು. ಅಪರಿಚಿತರನ್ನೂ 'ಕೂಯಾ', 'ಆತೆ' ಅಂತಾರೆ, ಅಂದ್ರೆ ಅಣ್ಣ, ಅಕ್ಕ. ಈ ಎರಡು ಪದ ಚೀನೀ ವಲಸಿಗರ ಹೊಕ್ಕಿಯನ್ ನುಡಿಯಿಂದ ಬಂದವು ಅಂತ ಭಾಷಾತಜ್ಞರು ಹೇಳ್ತಾರೆ. ಒಂದು ನಮಸ್ಕಾರದಲ್ಲೇ ಸ್ಪೇನ್, ಚೀನಾ, ತಗಾಲೊಗ್ ಎಲ್ಲ ಸೇರಿಕೊಂಡಿವೆ ನೋಡಿ. ಪದ್ಧತಿ ಅನ್ನೋದು ಆಕಾಶದಿಂದ ಉದುರಲ್ಲ, ಅದಕ್ಕೊಂದು ಚರಿತ್ರೆ ಇರುತ್ತೆ.

ಕೆಲವು ವರ್ಷದ ಹಿಂದೆ ಆ ದೇಶದ ಒಬ್ಬ ಹೆಣ್ಣುಮಗಳು ನಮ್ಮ ಒಂದು ಸಭೆಗೆ ಬಂದಿದ್ರು. ಅಲ್ಲಿದ್ದ ಪೌರಕಾರ್ಮಿಕ ಅಜ್ಜಿಯ ಕೈ ಹಿಡಿದು ಹಣೆಗೆ ಒತ್ತಿಕೊಳ್ಳೋಕೆ ಹೋದರು. ಅಜ್ಜಿ ಗಕ್ಕನೆ ಕೈ ಎಳೆದುಕೊಂಡರು: 'ಬ್ಯಾಡ ಕಣವ್ವಾ, ಕಸದ ಕೈಯಿದು.' ಅವರು ಬಿಡಲಿಲ್ಲ. ನನಗೆ ಗಂಟಲು ಕಟ್ಟಿತು. ನಮ್ಮ ಕಡೆ ಗೌರವ ಅಂದ್ರೆ ಕೈಕಟ್ಟಿ ದೂರ ನಿಲ್ಲೋದು. ಎಪ್ಪತ್ತು ವರ್ಷದ ನಮ್ಮ ತಾತನನ್ನ ಗೌಡರ ಮನೆ ಹತ್ತು ವರ್ಷದ ಹುಡುಗ 'ಲೋ' ಅಂತ ಕರೆದರೆ ಅದೂ ಊರಿನ ಮರ್ಯಾದೆಯೇ ಆಗಿತ್ತು. ಮುಟ್ಟಿಸಿಕೊಳ್ಳುವ ಗೌರವ ಆ ಅಜ್ಜಿಗೆ ಹೊಸದು.

ಹಾಗಂತ ಅಲ್ಲಿ ಎಲ್ಲ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಮುಂದೆ ಓದಿ.

1565ರಿಂದ 1898ರವರೆಗೆ ಅಲ್ಲಿ ಸ್ಪೇನ್ ಆಳ್ವಿಕೆ. ಅಂತೋನಿಯೋ ದೆ ಮೋರ್ಗಾ ಅನ್ನೋ ಸ್ಪ್ಯಾನಿಷ್ ಅಧಿಕಾರಿ 1609ರಲ್ಲಿ ಆ ದ್ವೀಪಗಳ ಬಗ್ಗೆ ಒಂದು ಪುಸ್ತಕ ಅಚ್ಚು ಹಾಕಿಸಿದ. ಈ ಜನ ಕೊಳೆತು ನಾರುವ ಮೀನು ತಿಂತಾರೆ ಅಂತ ಅದರಲ್ಲಿ ಬರೆದ. ಹೆಚ್ಚೂಕಮ್ಮಿ 280 ವರ್ಷ ಆದಮೇಲೆ ಹೊಸೆ ರಿಸಾಲ್ ಅನ್ನೋ ಫಿಲಿಪಿನೋ ಲೇಖಕ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೂತು ಆ ಇಡೀ ಪುಸ್ತಕವನ್ನ ನಕಲು ಮಾಡಿಕೊಂಡು, ತನ್ನ ಟಿಪ್ಪಣಿ ಸೇರಿಸಿ 1890ರಲ್ಲಿ ಮತ್ತೆ ಪ್ರಕಟಿಸಿದರು. ಮೀನಿನ ಮಾತಿಗೆ ಅವರ ಉತ್ತರ ಸರಳ: ಅದು ಕೊಳೆತ ಮೀನಲ್ಲ, 'ಬಗೊಓಂಗ್', ಉಪ್ಪು ಹಾಕಿ ಹುದುಗಿಸಿದ್ದು. ತಮಗೆ ರೂಢಿ ಇಲ್ಲದ ಊಟ ಕಂಡರೆ ಹೇಸೋದು ಎಲ್ಲ ಜನರಿಗೂ ಇರುವ ಚಾಳಿ. ನಮ್ಮ ಒಣಮೀನು, ಬಾಡು ಕಂಡು ಮೂಗು ಮುಚ್ಚೋರಿಗೆ, ಬಾಡಿಗೆ ಮನೆ ಕೊಡಲ್ಲ ಅನ್ನೋರಿಗೆ ಇದಕ್ಕಿಂತ ಒಳ್ಳೆ ಉತ್ತರ ಬೇಕಾ?

ಅದೇ ವರ್ಷ ರಿಸಾಲ್ ಇನ್ನೊಂದು ಲೇಖನ ಬರೆದರು. 'ಫಿಲಿಪಿನೋಗಳು ಹುಟ್ಟಾ ಸೋಮಾರಿಗಳು' ಅಂತ ಸ್ಪೇನಿನವರು ಹೇಳ್ತಿದ್ದರಲ್ಲ, ಅದಕ್ಕೆ ಜವಾಬು. ಬಿಟ್ಟಿ ದುಡಿಮೆಗೆ ಹಿಡಿದು, ಬೆಳೆದದ್ದನ್ನೆಲ್ಲ ಕಿತ್ತುಕೊಂಡು, ಆಮೇಲೆ ಸೋಮಾರಿ ಅಂದರೆ ಹೇಗೆ ಅನ್ನೋದು ಅವರ ವಾದ. 'ಮೀಸಲಾತಿ ಬಂದಮೇಲೆ ಇವರು ಮೈಬಗ್ಗಿಸಲ್ಲ' ಅನ್ನೋ ಮಾತು ಕೇಳಿಯೇ ಬೆಳೆದ ನಮಗೆ ಆ ವಾದ ಬಿಡಿಸಿ ಹೇಳಬೇಕಾಗಿಲ್ಲ. 1896ರ ಡಿಸೆಂಬರ್ 30ರಂದು ಸ್ಪೇನ್ ಸರ್ಕಾರ ಅವರನ್ನ ಮನಿಲಾದಲ್ಲಿ ಗುಂಡಿಟ್ಟು ಕೊಂದಿತು.

ಸ್ಪೇನ್ ಹೋಯ್ತು, ಅಮೆರಿಕಾ ಬಂತು. 1904ರಲ್ಲಿ ಸೇಂಟ್ ಲೂಯಿಸ್ ವಸ್ತುಪ್ರದರ್ಶನಕ್ಕೆ ಸಾವಿರಕ್ಕೂ ಹೆಚ್ಚು ಫಿಲಿಪಿನೋ ಜನರನ್ನ ಕರೆದೊಯ್ದು, 'ಕಾಡುಜನ'ರಿಂದ 'ನಾಗರಿಕ'ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ತೋರಿಸಿದರು. ಬೆಟ್ಟಪ್ರದೇಶದ ಇಗೊರೊಟ್ ಜನ ನಾಯಿ ಮಾಂಸ ತಿನ್ನೋದನ್ನ ಟಿಕೆಟ್ ಕೊಟ್ಟು ಬಂದವರ ಮುಂದೆ ಆಟದ ಹಾಗೆ ಮಾಡಿಸಿದರು. ಹೊರಗಿನವರು ಒಂದು ಸಮುದಾಯವನ್ನ 'ಅರ್ಥ ಮಾಡಿಕೊಂಡ' ಬಗೆ ಇದು.

1946ರಲ್ಲಿ ಸ್ವಾತಂತ್ರ್ಯ ಬಂದಮೇಲೆ ಅವಮಾನದ ಭಾಷೆ ಸ್ವಲ್ಪ ನಯವಾಯ್ತು. 60ರ ದಶಕದಲ್ಲಿ ಫ್ರಾಂಕ್ ಲಿಂಚ್ ಅನ್ನೋ ಅಮೆರಿಕನ್ ಪಾದ್ರಿ, ಮಾನವಶಾಸ್ತ್ರಜ್ಞ, ಫಿಲಿಪಿನೋ ಜನರ ದೊಡ್ಡ ಮೌಲ್ಯ ಅಂದ್ರೆ ಯಾರ ಜೊತೆಗೂ ತಂಟೆ ಇಲ್ಲದೆ ಹೊಂದಿಕೊಂಡು ಹೋಗೋದು ಅಂತ ಬರೆದರು. ಪ್ರವಾಸಿ ಪುಸ್ತಕಗಳ ಪಟ್ಟಿಯಲ್ಲಿ ಇವತ್ತಿಗೂ ಕೇಳಿಸೋದು ಅದೇ ಮಾತು.

ಇದಕ್ಕೆ ತಿರುಗಿ ನಿಂತವರು ವಿರ್ಜಿಲಿಯೋ ಎನ್ರಿಕೆಸ್. ಅಮೆರಿಕಾದಲ್ಲಿ ಓದಿ ಬಂದ ಮನಶ್ಶಾಸ್ತ್ರಜ್ಞ. 70ರ ದಶಕದಲ್ಲಿ, ಮಾರ್ಕೋಸ್‌ನ ಮಾರ್ಷಲ್ ಲಾ ಕಾಲದಲ್ಲಿ, ನಮ್ಮ ಜನರ ಮನಸ್ಸನ್ನ ನಮ್ಮ ಭಾಷೆಯಲ್ಲೇ ಓದಬೇಕು ಅಂತ ಒಂದು ಚಳವಳಿಯನ್ನೇ ಕಟ್ಟಿದರು. ಅವರ ಪ್ರಕಾರ ಎಲ್ಲದರ ಬುಡ 'ಕಪ್ವಾ'. ಅಂದ್ರೆ ನೀನೂ ನಾನೂ ಬೇರೆ ಅಲ್ಲ ಅನ್ನೋ ಅರಿವು. ಜನರಲ್ಲಿ ಎರಡು ಬಗೆ: 'ಇಬಾಂಗ್ ತಾವೋ', ಹೊರಗಿನವರು. 'ಹಿಂದಿ ಇಬಾಂಗ್ ತಾವೋ', ನಮ್ಮವರು. (ತಗಾಲೊಗ್‌ನಲ್ಲಿ 'ಹಿಂದಿ' ಅಂದ್ರೆ 'ಅಲ್ಲ' ಅಂತ. ಕನ್ನಡದವರಿಗೆ ಖುಷಿಯಾಗಬಹುದು!) ಇನ್ನೊಬ್ಬರ ಜೊತೆ ನಡೆಯೋದಕ್ಕೆ ಬರೀ ಸೌಜನ್ಯದಿಂದ ಶುರುವಾಗಿ, ಬೆರೆಯೋದು, ಹೊಂದಿಕೊಳ್ಳೋದು, ಕೊನೆಗೆ ಒಂದಾಗೋದು ಅಂತ ಎಂಟು ಹಂತ ಅವರು ಗುರುತಿಸಿದರು. ಲಿಂಚ್ ಹೇಳಿದ ಹೊಂದಾಣಿಕೆ ಅದರಲ್ಲಿ ನಡುವಿನ ಒಂದು ಹಂತ ಅಷ್ಟೇ. ನಗುಮುಖ ನೋಡಿ 'ಇವರು ನನ್ನನ್ನ ಒಪ್ಪಿಕೊಂಡರು' ಅಂದುಕೊಳ್ಳುವ ಪರದೇಶಿ ಇನ್ನೂ ಹೊಸ್ತಿಲಲ್ಲೇ ನಿಂತಿರ್ತಾನೆ.

ನಮಗೆ ಮುಖ್ಯವಾದ ವಿಷಯ ಇದು: ಹೊಂದಿಕೊಳ್ಳುವ ಗುಣಗಳ ಪಕ್ಕದಲ್ಲೇ ಎನ್ರಿಕೆಸ್ ಎದುರು ನಿಲ್ಲುವ ಗುಣಗಳನ್ನೂ ಇಟ್ಟರು. 'ಲಕಾಸ್ ನಾಂಗ್ ಲೋಓಬ್', ಎದೆಗಾರಿಕೆ. 'ಪಕಿಕಿಬಾಕಾ', ಹೋರಾಟ. ಇವೂ ಫಿಲಿಪಿನೋ ಸಂಸ್ಕೃತಿಯೇ, ಪರದೇಶಿಗಳ ಕಣ್ಣಿಗೆ ಬೀಳಲಿಲ್ಲ ಅಷ್ಟೇ ಅಂದರು. 1986ರಲ್ಲಿ ಮಾರ್ಕೋಸ್ ವಿರುದ್ಧ ಮನಿಲಾದ ಬೀದಿ ತುಂಬಿದ ಲಕ್ಷಾಂತರ ಜನ ಅದೇ 'ಸದಾ ನಗುವ' ಜನ.

ಇನ್ನು ಋಣದ ವಿಷಯ. ಫಿಲಿಪಿನೋ ಜನ 'ಉತಾಂಗ್ ನಾ ಲೋಓಬ್' ಅಂತಾರೆ. ಉತಾಂಗ್ ಅಂದ್ರೆ ಸಾಲ, ಲೋಓಬ್ ಅಂದ್ರೆ ಒಳಗು. ಒಳಗಿನ ಋಣ. ಅಕ್ಕಪಕ್ಕದ ಬಡವರ ನಡುವೆ ಇದು ಬದುಕು ಉಳಿಸುವ ಹಗ್ಗ. ಇವತ್ತು ನಿನಗೆ ನಾನು, ನಾಳೆ ನನಗೆ ನೀನು. ಆದರೆ ಅದೇ ಹಗ್ಗ ದಣಿಯ ಕೈಗೆ ಹೋದರೆ?

ಸ್ಪೇನ್ ಬರೋ ಮುಂಚೆಯೇ ತಗಾಲೊಗ್ ಸಮಾಜದಲ್ಲಿ 'ಅಲಿಪಿನ್' ಅನ್ನೋ ಆಳುಗಳಿದ್ದರು. ಪ್ಲಾಸೆನ್ಸಿಯಾ ಅನ್ನೋ ಪಾದ್ರಿ 1589ರಲ್ಲೇ ಇದನ್ನ ಬರೆದಿಟ್ಟಿದ್ದಾನೆ. ಕೆಲವರು ಸ್ವಂತ ಮನೆಯಲ್ಲಿದ್ದು ದಣಿಗೆ ಬೆಳೆ ಕೊಡಬೇಕು, ಕೆಲವರು ದಣಿಯ ಮನೆಯಲ್ಲೇ ಬಿದ್ದಿರಬೇಕು. ಎಷ್ಟೋ ಜನ ಸಾಲದಿಂದಲೇ ಆಳಾದವರು, ಮಕ್ಕಳಿಗೂ ಅದು ಬಳುವಳಿ. ಜೀತ ಅಂದ್ರೆ ಏನು ಅಂತ ನಿಮಗೆ ನಾನು ಹೇಳಬೇಕಾ? ಒಂದೇ ವ್ಯತ್ಯಾಸ: ಅಲ್ಲಿ ಸಾಲ ತೀರಿಸಿದವನು ಆಳಲ್ಲ. ನಮ್ಮಲ್ಲಿ ಜೀತ ತೀರಿದರೂ ಜಾತಿ ತೀರಲಿಲ್ಲ. 1976ರಲ್ಲಿ ಜೀತ ನಿಷೇಧದ ಕಾಯ್ದೆ ಬಂತು. 'ಉಪ್ಪು ತಿಂದ ಮನೆ' ಅನ್ನೋ ಮಾತು ಮಾತ್ರ ಇನ್ನೂ ನಮ್ಮ ಬಾಯಿ ಕಟ್ಟುತ್ತೆ.

ಆಮೇಲೆ ಬಂದ ಜಮೀನ್ದಾರಿಕೆಯಲ್ಲಿ ಗೇಣಿದಾರನಿಗೆ 'ಕಸಾಮಾ' ಅಂದರು. ಪದದ ಅರ್ಥ 'ಜೊತೆಗಾರ'. ಮನೆಗೆಲಸದವರಿಗೆ 'ಕಸಾಂಬಹಾಯ್', ಮನೆಯ ಜೊತೆಗಾರ. ಎಷ್ಟು ಚೆಂದದ ಮಾತು! ಆದರೂ ಆ ಜೊತೆಗಾರರಿಗೆ ವಾರದ ರಜೆ, ಕನಿಷ್ಠ ಕೂಲಿ ಸಿಗೋಕೆ 2013ರಲ್ಲಿ ಪ್ರತ್ಯೇಕ ಕಾನೂನೇ ಬೇಕಾಯ್ತು. ಭೂಸುಧಾರಣೆ ಕಾನೂನು 1988ರಲ್ಲೇ ಬಂದಿತ್ತು, ಅಧ್ಯಕ್ಷೆ ಕೊರಾಸೋನ್ ಅಕಿನೋ ಕಾಲದಲ್ಲಿ. ಆದರೆ ಅವರದೇ ಕುಟುಂಬದ 'ಹಸಿಯೆಂದಾ ಲುಯಿಸೀತಾ' ಅನ್ನೋ ಕಬ್ಬಿನ ಎಸ್ಟೇಟಿನಲ್ಲಿ 2004ರ ನವೆಂಬರ್ 16ರಂದು ಮುಷ್ಕರ ಹೂಡಿದವರ ಮೇಲೆ ಗುಂಡು ಹಾರಿತು, 7 ಜನ ಸತ್ತರು. ಆ ಭೂಮಿಯನ್ನ ರೈತರಿಗೆ ಹಂಚಬೇಕು ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಅಂತಿಮವಾಗಿ ಹೇಳಿದ್ದು 2012ರಲ್ಲಿ. ಅದು ಯಾರ ಋಣದಿಂದಲೂ ಸಿಗಲಿಲ್ಲ.

ಮಜಾ ಏನು ಗೊತ್ತಾ? ಫಿಲಿಪೀನ್ಸಿನ ಹೋರಾಟಗಾರರು ಒಬ್ಬರನ್ನೊಬ್ಬರು ಕರೆಯೋದೂ 'ಕಸಾಮಾ' ಅಂತಲೇ. ನಮ್ಮ 'ಸಂಗಾತಿ'. ದಣಿಗಳು ಗೇಣಿದಾರನಿಗೆ ಇಟ್ಟ ಹೆಸರನ್ನ ಜನ ಕಿತ್ತುಕೊಂಡು ತಮ್ಮದು ಮಾಡಿಕೊಂಡರು.

ಆದ್ದರಿಂದ ಬೇರೆ ದೇಶದ, ಬೇರೆ ಕೇರಿಯ ನಡೆನುಡಿ ಅರ್ಥ ಮಾಡಿಕೊಳ್ಳೋಕೆ ಹೊರಟಾಗ ಎರಡು ಪ್ರಶ್ನೆ ಕೈಯಲ್ಲಿರಲಿ. ಈ ಪದ್ಧತಿಯಲ್ಲಿ ಯಾರು ಬಾಗ್ತಾರೆ, ಯಾರಿಗೆ ಬಾಗ್ತಾರೆ? ಬಾಗಿದವರ ಮಕ್ಕಳು ಅದರ ಬಗ್ಗೆ ಏನು ಬರೆದಿದ್ದಾರೆ? ಎರಡನೆಯದನ್ನ ಓದದೆ ಮೊದಲನೆಯದಕ್ಕೆ ಉತ್ತರ ಸಿಗಲ್ಲ. ನಮ್ಮ ಬಗ್ಗೆ ಬರೆಯೋಕೆ ಬರುವ ಹೊರಗಿನವರಿಗೂ ಇದೇ ಮಾತು ಹೇಳಿ. ನಮ್ಮ ವಿನಯ ಮಾತ್ರ ಬರೆದುಕೊಂಡು ಹೋಗಬೇಡಿ, ನಮ್ಮ ಹೋರಾಟವೂ ನಮ್ಮ ಸಂಸ್ಕೃತಿಯೇ.

ಜೈ ಭೀಮ್.