ಕಲ್ಲಿನ ಕತಿ, ಭಾಗ 5: ಎಂಟು ಕೋಟಿ ವರ್ಷದ ಕಲ್ಲಿಗೆ ಐನೂರು ವರ್ಷದ ಹೆಸರು

ಮೊದಲನೇ ಫೋಟೋ ಯಾವ ದೇಶದ್ದೂ ಅಲ್ಲ, ನಮ್ಮ ಕರ್ನಾಟಕದ್ದ. ಉಡುಪಿ ಹತ್ರ ಮಲ್ಪೆಯಿಂದ ಬೋಟ್ ಹತ್ತಿದ್ರ ಸುಮಾರು 6 ಕಿ.ಮೀ. ದೂರದಾಗ ಸೇಂಟ್ ಮೇರಿಸ್ ದ್ವೀಪ. ತೆಂಗಿನ ಗಿಡ, ನೀಲಿ ನೀರು, ದಂಡಿ ತುಂಬ ಮರಳಿನ ಬದಲಿ ಕಪ್ಪೆಚಿಪ್ಪು. ಅದರ ನಡುವ, ಯಾರೋ ಅಳತಿ ಹಿಡಿದು ಕಡದು ನಿಲ್ಲಿಸಿದಂಗ ಕಾಣೋ ಕಲ್ಲಿನ ಕಂಬ.

ಯಾರೂ ಕಡದಿಲ್ಲ. ಇದು ಜ್ವಾಲಾಮುಖಿಯ ಲಾವಾ. ಬ್ಯಾಸಿಗ್ಯಾಗ ನರಗುಂದ, ರೋಣ ಕಡೆ ಎರಿ ಹೊಲ ಬಿರುಕು ಬಿಡೂದು ನೋಡೀರಲ್ಲ? ಒಣಗಿದ ಮಣ್ಣು ಕುಗ್ತದ, ಕುಗ್ಗಿದ ಕಡೆ ಸೀಳ್ತದ. ಲಾವಾನೂ ಹಂಗ. ಆರತಾ ಆರತಾ ಕುಗ್ಗಿ ಸೀಳಿತು, ಸೀಳು ಕೆಳಗಿನ ತನಕ ಇಳೀತು. ಅದಕ್ಕ ಐದು, ಆರು, ಏಳು ಮೂಲಿಯ ಕಂಬ ಆದವು. ನಮ್ಮ ಗಜೇಂದ್ರಗಡದ ಗುಡ್ಡ ಇದಕ್ಕ ಪೂರಾ ಉಲ್ಟಾ: ಅದು ಮರಳುಗಲ್ಲು, ಮರಳು ಪದರ ಪದರ ಕೂತು ಗಟ್ಟಿ ಆದದ್ದು. ಒಂದು ಬೆಂಕಿಯ ಕಲ್ಲು, ಇನ್ನೊಂದು ಮರಳಿನ ಕಲ್ಲು.

ಈ ಲಾವಾ ಹರಿದು ಸುಮಾರು 8.8 ಕೋಟಿ ವರ್ಷ ಆತು. ಆಗ ಮಡಗಾಸ್ಕರ್ ಮತ್ತ ನಮ್ಮ ನೆಲ ಒಂದಕ್ಕೊಂದು ಅಂಟಿಕೊಂಡಿದ್ದವು. ಅವು ಬ್ಯಾರೆ ಆಗೂ ಹೊತ್ತಿನ್ಯಾಗ ನೆಲ ಬಿರಿದು ಬಂದ ಲಾವಾ ಇದು ಅಂತ ಭೂವಿಜ್ಞಾನಿಗಳು ಹೇಳ್ತಾರ. ಅಂದ್ರ ಇದು ಎರಡು ನಾಡು ಪಾಲು ಆದದ್ದಕ್ಕ ಉಳಿದ ಸಾಕ್ಷಿ. ಅದಕ್ಕ ಇದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸ್ಯಾರ.

ಇನ್ನ ಹೆಸರಿನ ಕತಿ. "ವಾಸ್ಕೋ ಡ ಗಾಮ ಕೇರಳಕ್ಕ ಹೋಗೂ ಮುಂಚೆ ಮೊದಲು ಇಲ್ಲೇ ಇಳಿದ" ಅಂತ ಸಾಕಷ್ಟು ರೀಲ್ಸ್‌ನಾಗ ಬರ್ತದ. ಆದ್ರ ಆ ಪ್ರಯಾಣದ ದಿನಚರಿ ಪ್ರಕಾರ ಅದು ಹಿಂದುಮುಂದು. 1498ರ ಮೇ ತಿಂಗಳದಾಗ ಅವ ಕಲ್ಲಿಕೋಟೆ ಮುಟ್ಟಿದ. ಆಗಸ್ಟ್ ಕೊನೀಗೆ ಅಲ್ಲಿಂದ ಹೊಂಟ. ವಾಪಸ್ ಹೋಗೂವಾಗ, ಸೆಪ್ಟೆಂಬರ್‌ದಾಗ, ದಂಡಿ ಹತ್ರದ ಸಣ್ಣ ದ್ವೀಪದ ಮ್ಯಾಲ ಒಂದು ಕಂಬ ನೆಡಿಸಿ ಸಾಂತಾ ಮರಿಯಾ ಅಂತ ಹೆಸರಿಟ್ಟ. ಮೂರು ಕಂಬ ನೆಡಬೇಕು ಅಂತ ಅವರ ರಾಜನ ಅಪ್ಪಣೆ ಇತ್ತು, ಅದರಾಗ ಇದೊಂದು. ಕಂಬಗಳಿಂದಲೇ ತುಂಬಿದ ದ್ವೀಪದಾಗ ಮತ್ತೊಂದು ಕಂಬ! ಮಲ್ಪೆಯ ಮೀನುಗಾರರು ಅದಕ್ಕಿಂತ ಮುಂಚೆ ಈ ಕಲ್ಲು ನೋಡೇ ಇರಲಿಲ್ಲ ಅನ್ನಂಗಿಲ್ಲ. ಇದಕ್ಕ ತೋನ್ಸೆಪಾರ್ ಅನ್ನೋ ಹೆಸರೂ ಐತಿ. ಪಕ್ಕದ ಒಂದು ದ್ವೀಪದ ಹೆಸರು ದರಿಯಾ ಬಹಾದ್ದೂರ್‌ಗಡ. ಅವು ಟಿಕೆಟ್ ಮ್ಯಾಲ ಬರಂಗಿಲ್ಲ, ಅಷ್ಟ.

ನಾನು ಬಿಕಾಂ ಹುಡುಗ, ಲೆಕ್ಕದಾಗ ಹೇಳ್ತೀನಿ. ಒಂದು ವರ್ಷಕ್ಕ ಒಂದು ರೂಪಾಯಿ ಅಂತ ಇಟ್ಕೋರಿ. ವಾಸ್ಕೋನ ಹೆಸರಿನ ಕಿಮ್ಮತ್ತು ಐನೂರು ಚಿಲ್ಲರೆ ರೂಪಾಯಿ. ನಮ್ಮ ಸೂಡಿ ಶಾಸನದಾಗಿನ ಅಕ್ಕಾದೇವಿ ಹೆಸರಿಗೆ ಸುಮಾರು ಸಾವಿರ. ಕಲ್ಲಿನ ಖಾತೆದಾಗ ಎಂಟು ಕೋಟಿ ಎಂಬತ್ತು ಲಕ್ಷ.

ಈಗ ಕೊನೇ ಫೋಟೋ ನೋಡ್ರಿ. ಕಂಬದ ಮ್ಯಾಲ ಕೆರೆದ ಹಾರ್ಟ್, ಎರಡು ಅಕ್ಷರ. ಹೆಸರು ನಾನಾ ಮುಚ್ಚೀನಿ. ಸೂಡಿಯ ಕಲ್ಲಿನ ಮ್ಯಾಲೂ ಹೆಸರು ಕೆತ್ಯಾರಲ್ಲ ಅಂತ ಯಾರರೆ ಕೇಳಬಹುದು. ಖರೆ. ಆದ್ರ ಅಲ್ಲಿ ಹೆಸರಿನ ಹಿಂದ ಒಂದು ದಾನ, ಒಂದು ಜವಾಬ್ದಾರಿ ಇತ್ತು. ಅಲ್ಲಿ ಬರೆದದ್ದರಿಂದ ನಮಗ ಇತಿಹಾಸ ಸಿಕ್ತು. ಇಲ್ಲಿ ಕೆರೆದದ್ದರಿಂದ ಇತಿಹಾಸ ಹೋಗ್ತದ. ಎಂಟು ಕೋಟಿ ವರ್ಷ ಸಮುದ್ರ ಅಳಿಸದ ಮುಖಾನ ಒಂದು ಕೀಲಿಕೈ ಎರಡು ನಿಮಿಷದಾಗ ಕೆಡಿಸ್ತದ.

ಮಳಿಗಾಲದಾಗ ಬೋಟ್ ಬಂದ್ ಇರ್ತಾವ, ಅದು ಮುಗದ ಮ್ಯಾಲ ಪ್ಲಾನ್ ಮಾಡ್ರಿ. ಹಸಿ ಕಲ್ಲಿನ ಮ್ಯಾಲ ಸೆಲ್ಫಿಗೆ ನಿಲ್ಲಬ್ಯಾಡ್ರಿ, ಭಾಳ ಜಾರ್ತದ. ಚಿಪ್ಪು ಚೀಲಕ್ಕ ತುಂಬಬ್ಯಾಡ್ರಿ, ಆ ದಂಡಿ ಆಗಿದ್ದ ಅವುಗಳಿಂದ. ಮತ್ತ ವಾಸ್ಕೋನ ರೀಲ್ ಕಂಡ್ರ, ಕಾಮೆಂಟಿನ್ಯಾಗ ತಿಂಗಳು ತಿದ್ದಿ ಬರ್ರಿ.

#ಕಲ್ಲಿನಕತಿ #ಗಜೇಂದ್ರಗಡ #ಮಲ್ಪೆ