ಪಿಟಿಒ ಶಾಫ್ಟ್ ಜೋಡಣೆ (ರೋಟರಿ ಕಟರ್)

ಪಿಟಿಒ ಶಾಫ್ಟ್ ಎಂಬುದು ಟ್ರ್ಯಾಕ್ಟರಿನ ಎಂಜಿನ್ ಶಕ್ತಿಯನ್ನು ಅದರ ಹಿಂಬದಿಗೆ ಕಟ್ಟಿದ ಕೃಷಿ ಉಪಕರಣಕ್ಕೆ ಸಾಗಿಸುವ ಉಕ್ಕಿನ ದಂಡ. ಇದರ ಎರಡು ತುದಿಗಳಲ್ಲಿ ಬಾಗಬಲ್ಲ ಕೀಲುಗಳಿರುತ್ತವೆ. ಒಂದರೊಳಗೊಂದು ಜಾರುವ ಎರಡು ಕೊಳವೆಗಳಿಂದಾಗಿ ಉದ್ದವು ಹಿಗ್ಗುತ್ತದೆ, ಕುಗ್ಗುತ್ತದೆ. ಕಾರ್ಡನ್ ಶಾಫ್ಟ್ ಎಂಬುದು ಇದರ ಇನ್ನೊಂದು ಹೆಸರು. ರೋಟವೇಟರ್, ಮಲ್ಚರ್ ಹಾಗೂ ರೋಟರಿ ಕಟರ್ (ಸ್ಲ್ಯಾಷರ್) ಇವೆಲ್ಲವೂ ಈ ದಂಡದಿಂದಲೇ ತಿರುಗುತ್ತವೆ. ಈ ಲೇಖನವು ಸಣ್ಣ ಟ್ರ್ಯಾಕ್ಟರಿಗೆ, ಅಂದರೆ ಸುಮಾರು 15ರಿಂದ 30 ಅಶ್ವಶಕ್ತಿಯ ಮಿನಿ ಟ್ರ್ಯಾಕ್ಟರಿಗೆ, ರೋಟರಿ ಕಟರನ್ನು ಜೋಡಿಸುವ ಕ್ರಮವನ್ನು ಮುಖ್ಯವಾಗಿ ಬಳ್ಳಾರಿ ಸೀಮೆಯ ಬೇಸಾಯದ ಹಿನ್ನೆಲೆಯಲ್ಲಿ ವಿವರಿಸುತ್ತದೆ.

ಹಿನ್ನೆಲೆ

ಕೋನದಲ್ಲಿ ಬಾಗಿದ್ದರೂ ತಿರುಗುವ ಈ ಕೀಲಿಗೆ ಇಟಲಿಯ ಜೆರೋಲಾಮೊ ಕಾರ್ಡಾನೊ (1501–1576) ಅವರ ಹೆಸರು ಅಂಟಿಕೊಂಡಿದೆ. ಇಂಗ್ಲೆಂಡಿನ ರಾಬರ್ಟ್ ಹುಕ್ (1635–1703) ಇದರ ಚಲನೆಯನ್ನು ಅಭ್ಯಸಿಸಿದ್ದರಿಂದ ಪಠ್ಯಪುಸ್ತಕಗಳು ಇದನ್ನು ಹುಕ್ಸ್ ಜಾಯಿಂಟ್ ಎಂದೂ ಕರೆಯುತ್ತವೆ. ಬಿಡಿಭಾಗದ ಅಂಗಡಿಗಳಲ್ಲಿ ಇದರ ನಡುವಿನ ಕೂಡುಗಟ್ಟಿಗೆ ‘ಯುಜೆ ಕ್ರಾಸ್’ ಎಂದರೆ ಸಾಕು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಟ್ರ್ಯಾಕ್ಟರುಗಳಿಗೆ ಪಿಟಿಒ ಅಳವಡಿಸುವ ರೂಢಿ ಬಂದಿತು. ಇಂದು ನಿಮಿಷಕ್ಕೆ 540 ಸುತ್ತು ತಿರುಗುವ, 35 ಮಿಲಿಮೀಟರ್ ವ್ಯಾಸದ, 6 ಉಬ್ಬುಗೆರೆಗಳ (ಸ್ಪ್ಲೈನ್) ತುದಿಯೇ ಸಾಮಾನ್ಯ.

ಬಳ್ಳಾರಿ ಸೀಮೆಯಲ್ಲಿ ಬಳಕೆ

ತುಂಗಭದ್ರಾ ನೀರಿನ ಸಿರುಗುಪ್ಪ ಭಾಗದಲ್ಲಿ ಭತ್ತವೂ, ಕುರುಗೋಡು ಮತ್ತು ಬಳ್ಳಾರಿ ಸುತ್ತಲಿನ ಎರೆಭೂಮಿಯಲ್ಲಿ ಹತ್ತಿ ಹಾಗೂ ಮೆಣಸಿನಕಾಯಿಯೂ ಪ್ರಮುಖ ಬೆಳೆಗಳು. ಭತ್ತದ ಕೂಳೆ, ಹತ್ತಿಕಡ್ಡಿ, ಒಣಗಿದ ಮೆಣಸಿನ ಗಿಡ ಇವನ್ನು ಸುಡುವ ಬದಲು ಕತ್ತರಿಸಿ ಮಣ್ಣಿಗೆ ಸೇರಿಸಲು ಕಟರ್ ನೆರವಾಗುತ್ತದೆ. ಅಂಜೂರ, ದಾಳಿಂಬೆ ತೋಟಗಳ ಸಾಲಿನ ನಡುವೆ ಕಳೆ ಕತ್ತರಿಸಲು ಮಿನಿ ಟ್ರ್ಯಾಕ್ಟರಿನ ಕಿರಿದಾದ ಅಗಲ ಅನುಕೂಲಕರ. ಈ ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿಯ ಎಳೆಯ ಗಿಡಗಳನ್ನೂ ಇದು ಸವರಬಲ್ಲದು. ಆದರೆ ತೋಳಿನಷ್ಟು ದಪ್ಪವಾದ ಕಾಂಡ ಸಣ್ಣ ಟ್ರ್ಯಾಕ್ಟರಿನ ಕೆಲಸವಲ್ಲ. 4 ಅಡಿ ಅಗಲದ ಕಟರಿಗೆ ಸುಮಾರು 20 ಅಶ್ವಶಕ್ತಿ ಬೇಕೆಂಬುದು ಸ್ಥೂಲ ಲೆಕ್ಕ.

ಎಲ್ಲರೂ ಉಪಕರಣವನ್ನು ಕೊಳ್ಳುವುದಿಲ್ಲ. ರಾಜ್ಯ ಸರ್ಕಾರದ ‘ಕೃಷಿ ಯಂತ್ರಧಾರೆ’ ಬಾಡಿಗೆ ಕೇಂದ್ರಗಳಿಂದಲೋ ನೆರೆಯ ರೈತರಿಂದಲೋ ತಂದು ಬಳಸುವುದು ವಾಡಿಕೆ. ತೊಡಕು ಆರಂಭವಾಗುವುದು ಇಲ್ಲಿಯೇ. 45 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಹೊಂದಿಸಿದ ಶಾಫ್ಟು ಮಿನಿ ಟ್ರ್ಯಾಕ್ಟರಿಗೆ ಬಹುಮಟ್ಟಿಗೆ ಉದ್ದವಾಗುತ್ತದೆ. ಸಣ್ಣದಕ್ಕೆ ಕತ್ತರಿಸಿದ್ದು ದೊಡ್ಡದಕ್ಕೆ ಗಿಡ್ಡವಾಗುತ್ತದೆ. ಉಪಕರಣ ಒಂದೇ ಆದರೂ ಟ್ರ್ಯಾಕ್ಟರು ಬದಲಾದಾಗಲೆಲ್ಲ ಅಳತೆಯನ್ನು ಮತ್ತೆ ನೋಡಲೇಬೇಕು.

ಉದ್ದವನ್ನು ನಿರ್ಧರಿಸುವುದು

ಶಾಫ್ಟು ಅತಿ ಉದ್ದವಾಗಿದ್ದರೆ, ಹೈಡ್ರಾಲಿಕ್ ಎತ್ತಿದಾಗ ಒಳಗೊಳವೆಯು ಹೊರಗೊಳವೆಯ ಬುಡಕ್ಕೆ ಹೋಗಿ ತಾಗುತ್ತದೆ. ಮುಂದೆ ಜಾರಲು ಜಾಗವಿಲ್ಲದ ಆ ದಂಡವು ಎತ್ತುವ ಬಲವನ್ನೆಲ್ಲ ಟ್ರ್ಯಾಕ್ಟರಿನ ಪಿಟಿಒ ಬೇರಿಂಗಿನ ಮೇಲೂ ಕಟರಿನ ಗೇರ್‌ಬಾಕ್ಸಿನ ಮೇಲೂ ಹಾಕುತ್ತದೆ. ಗೇರ್‌ಬಾಕ್ಸಿನ ಕವಚ ಬಿರಿಯುವುದಕ್ಕೆ ಇದೂ ಒಂದು ಕಾರಣ. ಅತಿ ಗಿಡ್ಡವಾಗಿದ್ದರೆ ಕೊಳವೆಗಳು ಒಂದರೊಳಗೊಂದು ಸಾಕಷ್ಟು ಕೂಡಿರದೆ, ಗುಂಡಿಯಲ್ಲಿ ಕಟರ್ ಕುಸಿದಾಗ ಬೇರ್ಪಡುತ್ತವೆ; ಟ್ರ್ಯಾಕ್ಟರಿನ ಕಡೆಯ ಅರ್ಧಭಾಗವು ಆಗಲೂ ತಿರುಗುತ್ತಲೇ ಇದ್ದು ಸುತ್ತಲಿದ್ದುದಕ್ಕೆಲ್ಲ ಬಡಿಯುತ್ತದೆ.

ಅಳೆಯುವ ಮೊದಲು ಕಟರನ್ನು ಮೂರು ಕೊಂಡಿಗೂ (ಎರಡು ಕೆಳಲಿಂಕ್, ಒಂದು ಟಾಪ್ ಲಿಂಕ್) ಕಟ್ಟಿ, ಪಿಟಿಒ ತುದಿಗೂ ಗೇರ್‌ಬಾಕ್ಸಿನ ತುದಿಗೂ ನಡುವಿನ ಅಂತರ ಅತ್ಯಂತ ಕಡಿಮೆಯಾಗುವ ಎತ್ತರಕ್ಕೆ ತರಬೇಕು. ಅದು ಪೂರಾ ಮೇಲೆ ಅಥವಾ ಪೂರಾ ಕೆಳಗೆ ಎಂದು ಭಾವಿಸುವಂತಿಲ್ಲ. ಸಾಮಾನ್ಯವಾಗಿ ಎರಡೂ ತುದಿಗಳು ಒಂದೇ ಮಟ್ಟಕ್ಕೆ ಬಂದಾಗ ಅಂತರ ಕನಿಷ್ಠವಾಗುತ್ತದೆ. ಎತ್ತಿದ ಕಟರಿನ ಕೆಳಗೆ ಗಟ್ಟಿಯಾದ ಮರದ ದಿಮ್ಮಿ ಕೊಟ್ಟು ಎಂಜಿನ್ ನಿಲ್ಲಿಸತಕ್ಕದ್ದು. ಕೇವಲ ಹೈಡ್ರಾಲಿಕ್ ನಂಬಿ ಕೆಳಗೆ ಕೈಹಾಕಬಾರದು. ಬಳಿಕ ಶಾಫ್ಟನ್ನು ಎರಡು ಭಾಗವಾಗಿ ಬಿಡಿಸಿ, ಒಂದನ್ನು ಟ್ರ್ಯಾಕ್ಟರಿಗೂ ಇನ್ನೊಂದನ್ನು ಕಟರಿಗೂ ಸಿಕ್ಕಿಸಿ, ಎರಡನ್ನೂ ಅಕ್ಕಪಕ್ಕ ಹಿಡಿದು ಗುರುತು ಹಾಕಬೇಕು. ಈ ಕನಿಷ್ಠ ಅಂತರದಲ್ಲಿಯೂ ಕೊಳವೆ ಜಾರಲು ಸುಮಾರು 2.5 ಸೆಂಟಿಮೀಟರ್ ಉಳಿದಿರಬೇಕು. ಕಟರನ್ನು ಪೂರಾ ಇಳಿಸಿ, ಪೂರಾ ಎತ್ತಿ ನೋಡಿದಾಗ ಕೊಳವೆಯ ಮೂರನೆಯ ಒಂದು ಭಾಗವಾದರೂ ಒಳಗೆ ಕೂಡಿರಬೇಕು.

ಹೆಚ್ಚಾದುದನ್ನು ಕತ್ತರಿಸುವಾಗ ಒಳಕೊಳವೆ, ಹೊರಕೊಳವೆ ಮತ್ತು ಅವುಗಳ ಎರಡೂ ಪ್ಲಾಸ್ಟಿಕ್ ಕವಚಗಳನ್ನು ಒಂದೇ ಅಳತೆಯಲ್ಲಿ ಕತ್ತರಿಸಬೇಕು. ತುದಿಯನ್ನು ಅರದಿಂದ ಉಜ್ಜಿ, ಲೋಹದ ಪುಡಿ ಒರೆಸಿ, ಗ್ರೀಸ್ ಹಚ್ಚಿಯೇ ಕೂಡಿಸಬೇಕು. ಕವಚ ಅಡ್ಡ ಬರುತ್ತದೆಂದು ಅದನ್ನೇ ಕಿತ್ತು ಬದಿಗಿಡುವ ಪರಿಪಾಠವು ಖಂಡನೀಯ.

ಜೋಡಿಸುವ ಕ್ರಮ

ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಹ್ಯಾಂಡ್‌ಬ್ರೇಕ್ ಹಾಕಿ, ಪಿಟಿಒ ಲಿವರನ್ನು ನ್ಯೂಟ್ರಲ್‌ಗೆ ತರುವುದು ಮೊದಲ ಕೆಲಸ. ಕಟರಿನ ಕಡೆಯ ತುದಿಯನ್ನು ಮೊದಲು, ಟ್ರ್ಯಾಕ್ಟರಿನ ಕಡೆಯದನ್ನು ಆನಂತರ ಸಿಕ್ಕಿಸುವುದು ಅನುಕೂಲಕರ. ಕವಚದ ಮೇಲೆ ಟ್ರ್ಯಾಕ್ಟರಿನ ಚಿತ್ರವಿದ್ದರೆ ಆ ಬದಿ ಟ್ರ್ಯಾಕ್ಟರಿನ ಕಡೆಗಿರಬೇಕು. ಉಬ್ಬುಗೆರೆಗಳು ಹೊಂದದಿದ್ದರೆ ಶಾಫ್ಟನ್ನು ಕೈಯಿಂದ ತುಸು ತಿರುಗಿಸಬೇಕೇ ಹೊರತು ಸುತ್ತಿಗೆಯಿಂದ ಹೊಡೆಯಬಾರದು. ಲಾಕ್ ಪಿನ್ ಒತ್ತಿ, ಒಳಕ್ಕೆ ತಳ್ಳಿ, ಪಿನ್ ತಾನಾಗಿ ಮೇಲೆದ್ದ ಬಳಿಕ ಶಾಫ್ಟನ್ನು ಹಿಂದಕ್ಕೆ ಬಲವಾಗಿ ಎಳೆದು ನೋಡಬೇಕು. ಕವಚವು ಶಾಫ್ಟಿನೊಡನೆ ತಿರುಗದಂತೆ ಅದರ ಸಣ್ಣ ಸರಪಳಿಗಳನ್ನು ಸ್ಥಿರವಾದ ಭಾಗಕ್ಕೆ ಕಟ್ಟಬೇಕು.

ಚೌಕ ಕೊಳವೆಯ ಶಾಫ್ಟುಗಳಲ್ಲಿ ಇನ್ನೊಂದನ್ನು ಗಮನಿಸಬೇಕು: ಎರಡು ಕೊಳವೆಗಳ ಒಳತುದಿಯ ಯೋಕುಗಳು (ಕವೆಗಳು) ಒಂದೇ ನೇರದಲ್ಲಿರಬೇಕು. ಒಂದೇ ಕೀಲು 20 ಡಿಗ್ರಿ ಬಾಗಿದ್ದರೆ, 540 ಸುತ್ತಿನ ವೇಗವು ಪ್ರತಿ ಸುತ್ತಿನಲ್ಲಿಯೂ ಎರಡು ಬಾರಿ ಸುಮಾರು 507ಕ್ಕೆ ಇಳಿದು 575ಕ್ಕೆ ಏರುತ್ತದೆ. ಯೋಕುಗಳು ನೇರವಾಗಿದ್ದು ಎರಡು ಕೀಲುಗಳ ಕೋನ ಸಮನಾಗಿದ್ದರೆ ಮೊದಲ ಕೀಲಿನ ಏರಿಳಿತವನ್ನು ಎರಡನೆಯದು ಸರಿದೂಗಿಸುತ್ತದೆ; 90 ಡಿಗ್ರಿ ತಪ್ಪಿಸಿ ಕೂಡಿಸಿದರೆ ಏರಿಳಿತ ಇಮ್ಮಡಿಸಿ ಯಂತ್ರವೆಲ್ಲ ನಡುಗುತ್ತದೆ. ಬದುವಿನ ಕೊನೆಯಲ್ಲಿ ಕಟರನ್ನು ಎತ್ತರಕ್ಕೆ ಎತ್ತಿ ತಿರುಗುವಾಗ ಪಿಟಿಒ ನಿಲ್ಲಿಸಬೇಕೆನ್ನುವುದಕ್ಕೂ ಈ ಕೋನವೇ ಕಾರಣ.

ಶಿಯರ್ ಬೋಲ್ಟ್ ಮತ್ತು ಓವರ್‌ರನ್ನಿಂಗ್ ಕ್ಲಚ್

ಬ್ಲೇಡು ಕಲ್ಲಿಗೆ ಬಡಿದಾಗ ತಾನು ಮುರಿದು ಗೇರ್‌ಬಾಕ್ಸನ್ನು ಉಳಿಸುವುದು ಶಿಯರ್ ಬೋಲ್ಟಿನ ಕೆಲಸ. ಪದೇ ಪದೇ ತುಂಡಾಗುತ್ತದೆಂದು ಅದರ ಜಾಗಕ್ಕೆ ಗಡಸು ಬೋಲ್ಟನ್ನೋ ಕಬ್ಬಿಣದ ಸರಳನ್ನೋ ತೂರಿಸಿದರೆ ಮುಂದಿನ ಕಲ್ಲಿಗೆ ಹಲ್ಲುಚಕ್ರವೇ ಮುರಿಯುತ್ತದೆ.

ಕಟರಿನ ಭಾರವಾದ ಬ್ಲೇಡುಗಳು ವೇಗ ಪಡೆದ ಮೇಲೆ ಒಮ್ಮೆಲೇ ನಿಲ್ಲುವುದಿಲ್ಲ. ಪಿಟಿಒ ಸ್ವತಂತ್ರವಾಗಿರದ ಸಣ್ಣ ಟ್ರ್ಯಾಕ್ಟರುಗಳಲ್ಲಿ ಚಾಲಕನು ಕ್ಲಚ್ ಒತ್ತಿದರೂ, ತಿರುಗುತ್ತಿರುವ ಬ್ಲೇಡುಗಳು ಶಾಫ್ಟಿನ ಮೂಲಕ ಗೇರ್‌ಬಾಕ್ಸನ್ನು ಹಿಂದಿನಿಂದ ನೂಕುವುದರಿಂದ ಟ್ರ್ಯಾಕ್ಟರು ಕೆಲವು ಅಡಿ ಮುಂದೆ ಸಾಗಿಬಿಡುತ್ತದೆ. ಬಯಲಿನಲ್ಲಿ ಇದು ಅಷ್ಟಾಗಿ ಗಮನಕ್ಕೆ ಬಾರದಿರಬಹುದು. ಕಾಲುವೆಯ ಏರಿಯ ಮೇಲೆ ಆ ಕೆಲವು ಅಡಿಗಳೇ ಪ್ರಾಣಾಪಾಯಕ್ಕೆ ಸಾಕು. ಒಂದೇ ದಿಕ್ಕಿಗೆ ಬಲ ಸಾಗಿಸುವ ಓವರ್‌ರನ್ನಿಂಗ್ ಕ್ಲಚ್ ಇದನ್ನು ತಡೆಯುತ್ತದೆ. ಅದನ್ನು ಪಿಟಿಒ ತುದಿಗೆ ಹಾಕಿದರೆ ಒಟ್ಟು ಉದ್ದ ಹೆಚ್ಚುವುದರಿಂದ ಶಾಫ್ಟಿನ ಅಳತೆಯನ್ನು ಮತ್ತೊಮ್ಮೆ ನೋಡಬೇಕಾಗುತ್ತದೆ.

ಅಪಾಯ ಮತ್ತು ಸುರಕ್ಷತೆ

ನಿಮಿಷಕ್ಕೆ 540 ಎಂದರೆ ಸೆಕೆಂಡಿಗೆ 9 ಸುತ್ತು. 10 ಸೆಂಟಿಮೀಟರ್ ವ್ಯಾಸದ ಯೋಕು ಅರ್ಧ ಸೆಕೆಂಡಿನಲ್ಲಿ ಸುಮಾರು 1.4 ಮೀಟರ್ ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ಹೆಗಲ ಮೇಲಿನ ಟವೆಲ್ಲಿನ ಉದ್ದ ಹೆಚ್ಚುಕಡಿಮೆ ಅಷ್ಟೇ. ಸಿಕ್ಕಿಕೊಂಡದ್ದು ಅರಿವಾಗುವಷ್ಟರಲ್ಲಿ ಬಿಡಿಸಿಕೊಳ್ಳುವ ಕಾಲ ಮೀರಿರುತ್ತದೆ. ಪಂಚೆ, ಲುಂಗಿ, ಸೀರೆಯ ಸೆರಗು, ಬಿಚ್ಚಿದ ಕೂದಲು ಇವೆಲ್ಲವೂ ಈ ಶಾಫ್ಟಿನ ಬಳಿ ಅಪಾಯಕಾರಿ. ಚಾಲೂ ಇರುವ ಶಾಫ್ಟನ್ನು ದಾಟಬಾರದು. ಕಟರಿನ ಮೇಲೆ ಮಕ್ಕಳನ್ನು ಕೂರಿಸಬಾರದು. ಕಟರಿನ ಹಿಂಬದಿಯಿಂದ ಕಲ್ಲುಗಳು ಗುಂಡಿನಂತೆ ಸಿಡಿಯುವುದುಂಟು. ಅಲ್ಲಿಯೂ ಯಾರೂ ನಿಲ್ಲಬಾರದು.

ಭಾರತದ ಅಪಾಯಕಾರಿ ಯಂತ್ರಗಳ (ನಿಯಂತ್ರಣ) ಅಧಿನಿಯಮ, 1983 ಮುಖ್ಯವಾಗಿ ಒಕ್ಕಣೆ ಯಂತ್ರಗಳ ಅವಘಡಗಳನ್ನು ಗಮನದಲ್ಲಿಟ್ಟು ಬಂದದ್ದು. ಹೊಲದಲ್ಲಿನ ಶಾಫ್ಟಿನ ಕವಚ ಉಳಿಯುವುದು ಬಹುಮಟ್ಟಿಗೆ ಅದನ್ನು ಬಳಸುವವರ ಎಚ್ಚರದ ಮೇಲೆಯೇ ನಿಂತಿದೆ.

ನಿರ್ವಹಣೆ

ಯುಜೆ ಕ್ರಾಸಿನ ನಿಪ್ಪಲ್‌ಗಳಿಗೆ ತಯಾರಕರು ಸೂಚಿಸಿದ ಅವಧಿಗೆ ತಪ್ಪದೆ ಗ್ರೀಸ್ ತುಂಬಬೇಕು. ಎರೆಮಣ್ಣಿನ ಧೂಳು ಗ್ರೀಸಿನೊಡನೆ ಬೆರೆತು ಕೊಳವೆಗಳು ಜಾರದಂತಾಗುವುದರಿಂದ ಅವನ್ನು ಆಗಾಗ ಬಿಡಿಸಿ, ಒರೆಸಿ, ಹೊಸ ಗ್ರೀಸ್ ಹಚ್ಚಬೇಕು. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುವಂಥದ್ದು. ಬಿಸಿಲಿಗೆ ಬಿಟ್ಟ ಪ್ಲಾಸ್ಟಿಕ್ ಕವಚ ಕ್ರಮೇಣ ಬಿರುಸಾಗಿ ಒಡೆಯುತ್ತದೆ. ಶಾಫ್ಟನ್ನು ಕಳಚಿ ನೆರಳಿನಲ್ಲಿಡುವುದು ಒಳ್ಳೆಯದು. ಒಡೆದ ಕವಚ ಬೇರೆಯಾಗಿಯೂ ಕೊಳ್ಳಲು ದೊರೆಯುತ್ತದೆ.