ಕಿಟ್ಟಕ್ಕೆ ಹಾಕಿದ ಹೆಪ್ಪು

ಕಬ್ಬಿಣ ಕರಗಿಸುವಾಗ ಬೇರೆಯಾಗುವ ಕಸವನ್ನು ನಮ್ಮ ಹಿರಿಯರು ಕಿಟ್ಟವೆಂದು ಕರೆದರು. ಆಯುರ್ವೇದದ ಪಂಡಿತರು ಅದನ್ನೂ ಬಿಸುಡದೆ ಮಂಡೂರ ಭಸ್ಮ ಮಾಡಿದರು. ಆದರೆ ಇಂದಿನ ಊದುಕುಲುಮೆಗಳು ಒಂದು ಟನ್ ಕಬ್ಬಿಣದ ಜೊತೆಗೆ ಸಾಮಾನ್ಯವಾಗಿ ಕಾಲು ಟನ್ನಿಗೂ ಮಿಕ್ಕಿ ಕಿಟ್ಟವನ್ನು ಹೊರಹಾಕುತ್ತವೆ. ಅದನ್ನು ತುಂಬಿಡಲು ಪಂಡಿತರ ಭರಣಿ ಸಾಲದು. ಬಳಕೆಯಾಗದೆ ಉಳಿದದ್ದು ಕಾರ್ಖಾನೆಯ ಪಕ್ಕದಲ್ಲಿ ಗುಡ್ಡವಾಗಿ ಬೆಳೆಯುತ್ತದೆ.

ಇದನ್ನು ಬಳಸಿಕೊಳ್ಳುವ ಒಂದು ದಾರಿಯ ಮೂಲ ಫ್ರಾನ್ಸಿನಲ್ಲಿದೆ. 1739ರಲ್ಲಿ ರೆಯೋಮ್ಯೂರ್ ಎಂಬ ವಿಜ್ಞಾನಿ ಗಾಜಿನ ಸೀಸೆಗಳನ್ನು ಮರಳು, ಜಿಪ್ಸಂಗಳಲ್ಲಿ ಹುಗಿದು ದಿನಗಟ್ಟಲೆ ಕಾಯಿಸಿದನು. ಗಾಜು ಪಿಂಗಾಣಿಯಂತೆ ಬೆಳ್ಳಗಾಯಿತು. ಬಲ ಮಾತ್ರ ಬರಲಿಲ್ಲ. ಹರಳುಗಳು ಹೊರಮೈಯಿಂದ ಒಳಕ್ಕೆ ಒರಟಾಗಿ ಬೆಳೆದಿದ್ದವು.

ಇನ್ನೂರು ವರ್ಷಗಳಿಗೂ ಮಿಕ್ಕಿ ಕಳೆದ ಮೇಲೆ, 1953ರಲ್ಲಿ, ಅಮೆರಿಕದ ಕಾರ್ನಿಂಗ್ ಕಂಪನಿಯ ಡೊನಾಲ್ಡ್ ಸ್ಟೂಕಿಯವರ ಕುಲುಮೆ ಹದತಪ್ಪಿ, 600 ಡಿಗ್ರಿಯಲ್ಲಿ ನಿಲ್ಲಬೇಕಾದದ್ದು 900ಕ್ಕೆ ಏರಿತು. ಗಾಜು ಕರಗಿ ಹರಿದಿರಬಹುದೆಂದು ನೋಡಿದರೆ, ಬಿಳಿಯ ಗಟ್ಟಿ ಫಲಕ! ಇಕ್ಕಳದಿಂದ ಜಾರಿ ಬಿದ್ದರೂ ಅದು ಒಡೆಯಲಿಲ್ಲ. ಗಾಜಿನೊಳಗಿದ್ದ ಬೆಳ್ಳಿಯ ಸೂಕ್ಷ್ಮ ಕಣಗಳ ಸುತ್ತ ಎಲ್ಲೆಡೆಯೂ ಸಣ್ಣ ಹರಳುಗಳು ಮೂಡಿದ್ದವು. ಹಾಲಿಗೆ ಹೆಪ್ಪು ಹಾಕಿದಂತೆ ಎನ್ನಬಹುದು.

ಈ ತತ್ತ್ವವನ್ನು ಕಸಕ್ಕೆ ಅನ್ವಯಿಸಿದವರು ಮಾಸ್ಕೋದ ಮೆಂಡಲೀವ್ ಸಂಸ್ಥೆಯ ಕಿತಾಯ್‌ಗೊರೊದ್‌ಸ್ಕಿ ಮತ್ತು ಅವರ ಸಂಗಡಿಗರು. ಕಿಟ್ಟದಲ್ಲಿರುವ ಸುಣ್ಣ, ಸಿಲಿಕ, ಅಲ್ಯೂಮಿನಗಳು ಗಾಜಿಗೂ ಒದಗುವ ಸಾಮಗ್ರಿಗಳೇ. ಅದಕ್ಕೆ ಮರಳು ಬೆರೆಸಿ ಕರಗಿಸಿ, ಲೋಹದ ಸಲ್ಫೈಡುಗಳನ್ನು ಹೆಪ್ಪಾಗಿಸಿದರು. ಹಾಳೆಯಾಗಿ ಒತ್ತಿ, ಎರಡು ಹಂತಗಳಲ್ಲಿ ಕಾಯಿಸಿದರು: ಮೊದಲ ಕಾವಿನಲ್ಲಿ ಬೀಜ, ಎರಡನೆಯದರಲ್ಲಿ ಹರಳು. 1960ರ ದಶಕದಲ್ಲಿ ಅಂದಿನ ಸೋವಿಯತ್ ಉಕ್ರೇನಿನ ಕೊನ್ಸ್ತಾಂತಿನೋವ್ಕದಲ್ಲಿ ಇದರ ಉತ್ಪಾದನೆ ಆರಂಭವಾಯಿತು. ಸವೆಯದ, ಆಮ್ಲಕ್ಕೆ ಜಗ್ಗದ ಈ ‘ಕಿಟ್ಟದ ಸಿತಾಲ್’ ಕಾರ್ಖಾನೆಗಳ ನೆಲಕ್ಕೂ ಕಟ್ಟಡಗಳ ಗೋಡೆಗೂ ಹಾಸಾಯಿತು.

ಹಾಗಾದರೆ ಕಿಟ್ಟದ ಗುಡ್ಡಗಳೆಲ್ಲ ಏಕೆ ಹೀಗೆ ಕರಗಲಿಲ್ಲ? ಬಿ.ಎಸ್ಸಿ. ಓದಿ ಕಚೇರಿಯಲ್ಲಿ ಖರ್ಚಿನ ಕಡತ ನೋಡುವ ನನಗೆ ಉತ್ತರ ಲೆಕ್ಕದಲ್ಲೇ ಕಾಣುತ್ತದೆ. ಕಸ ಅಗ್ಗ, ಕಾವು ಅಗ್ಗವಲ್ಲ. ತಣ್ಣಗಾದ ಕಿಟ್ಟವನ್ನು ಮತ್ತೆ ಕರಗಿಸಲು ಉರುವಲು ಬೇಕು. ಪುಡಿಮಾಡಿ ಸಿಮೆಂಟಿಗೆ ಬೆರೆಸುವುದು ಸುಲಭ; ಬಹುಪಾಲು ಕಿಟ್ಟ ಅಲ್ಲಿಗೇ ಹೋಗುತ್ತದೆ.

ಆದರೂ ಒಂದು ಮಾತು ಉಳಿಯುತ್ತದೆ. ಕುಲುಮೆಯಿಂದ ಇಳಿಯುವಾಗ ಕಿಟ್ಟ 1400 ಡಿಗ್ರಿಗೂ ಮಿಕ್ಕಿದ ಕಾವಿನ ದ್ರವವಾಗಿರುತ್ತದೆ. ಆ ಕಾವನ್ನು ಆರಲು ಬಿಟ್ಟು, ಮತ್ತೆ ಒಲೆ ಹೊತ್ತಿಸುವುದೇ ದೊಡ್ಡ ದುಂದು. ಕಿಟ್ಟವನ್ನು ಉಳಿಸಿದ ಜಾಣತನ ಅದರ ಕಾವನ್ನೂ ಉಳಿಸಬೇಕಾಗಿದೆ.